ಮೊದಲು ಯಾವ ಪುಟ? ಪುಣೆಯಲ್ಲಿ ಕನ್ನಡಕ್ಕೆ ಬಂದ ಲಿನಕ್ಸ್ ಕೈಪಿಡಿಗಳ ಕಥೆ

2007ರ ಮಾರ್ಚ್ 14ರಂದು ರೆಡ್ ಹ್ಯಾಟ್ ಕಂಪನಿ ತನ್ನ ಎಂಟರ್‌ಪ್ರೈಸ್ ಲಿನಕ್ಸ್‌ನ ಐದನೆಯ ಆವೃತ್ತಿಯನ್ನು ಬಿಡುಗಡೆ ಮಾಡಿತು. ಅದರ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ತೆರೆದರೆ ಮೊದಲ ಪುಟದಲ್ಲೇ ಒಂದೇ ಹೆಸರಿನ ಕಡತಗಳ ಉದ್ದ ಸಾಲು ಕಾಣುತ್ತಿತ್ತು. ಎಲ್ಲವೂ ಬಿಡುಗಡೆ ಟಿಪ್ಪಣಿಗಳು. ಹೆಸರಿನ ಕೊನೆಯ ಎರಡು ಅಕ್ಷರ ಮಾತ್ರ ಬೇರೆ ಬೇರೆ. 'ಎಎಸ್' ಎಂದರೆ ಅಸ್ಸಾಮಿ, 'ಬಿಎನ್' ಎಂದರೆ ಬಂಗಾಳಿ, 'ಜಿಯು' ಗುಜರಾತಿ, 'ಎಚ್‌ಐ' ಹಿಂದಿ. ಇಟಾಲಿಯನ್ ಮತ್ತು ಜಪಾನಿ ದಾಟಿದರೆ 'ಕೆಎನ್', ಅಂದರೆ ಕನ್ನಡ.

ಆ ಕಡತದಲ್ಲಿ ಇದ್ದದ್ದು ಹೊಸ ಆವೃತ್ತಿಯಲ್ಲಿ ಏನೇನು ಬದಲಾಗಿದೆ ಎಂಬ ವಿವರ. ಒಂದು ಯಂತ್ರದೊಳಗೆ ಹಲವು ಯಂತ್ರಗಳನ್ನು ನಡೆಸುವ ವರ್ಚುವಲೈಸೇಶನ್, ಕರ್ನೆಲ್, ಡ್ರೈವರುಗಳು, ಗೊತ್ತಿರುವ ತೊಂದರೆಗಳು. ಇದನ್ನು ಓದಬೇಕಾದವನು ದತ್ತಾಂಶ ಕೇಂದ್ರದಲ್ಲಿ ಸರ್ವರುಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಅವನು ಇಂಗ್ಲಿಷಿನಲ್ಲೇ ಓದಿ, ಇಂಗ್ಲಿಷಿನಲ್ಲೇ ಪರೀಕ್ಷೆ ಬರೆದು, ಇಂಗ್ಲಿಷಿನಲ್ಲೇ ಆದೇಶಗಳನ್ನು ಟೈಪು ಮಾಡಿ ಆ ಕುರ್ಚಿಗೆ ಬಂದವನು. ಕನ್ನಡದ ಕಡತ ಅವನ ಮುಂದೆ ಇದ್ದರೂ ಪಕ್ಕದ ಇಂಗ್ಲಿಷ್ ಕಡತವನ್ನೇ ತೆರೆಯುತ್ತಾನೆ. ಕನ್ನಡ ಬೇಕಾಗಿದ್ದ ಓದುಗ ಇನ್ನೊಬ್ಬನಿದ್ದ. ತಾಲ್ಲೂಕು ಕೇಂದ್ರದ ಶಾಲೆಯಲ್ಲಿ ಮೊದಲ ಸಲ ಮೌಸು ಹಿಡಿದವನು ಅವನು. ಬರೆದದ್ದನ್ನು ಎಲ್ಲಿ ಉಳಿಸಬೇಕು, ಪ್ರಿಂಟರು ಏಕೆ ಕೆಲಸ ಮಾಡುತ್ತಿಲ್ಲ ಎನ್ನುವುದು ಅವನ ಪ್ರಶ್ನೆ. ಅದಕ್ಕೆ ಉತ್ತರವಿದ್ದ ಸಹಾಯ ಪುಟಗಳ ಸರದಿ ತೀರ ಹಿಂದಿತ್ತು.

ಹೀಗೇಕಾಯಿತು? ಯಾರದೋ ಉದಾಸೀನದಿಂದ ಆದದ್ದಲ್ಲ. ಅನುವಾದಕ್ಕೆ ಕೂತವರ ಮುಂದೆ ಸಾವಿರಾರು ಪುಟಗಳಿರುತ್ತವೆ, ಕೈಗಳು ಕೆಲವೇ. ಮೊದಲು ಯಾವುದು ಎಂದು ಯಾರಾದರೂ ತೀರ್ಮಾನಿಸಲೇಬೇಕು. ಆ ತೀರ್ಮಾನಗಳು ಪುಣೆಯಲ್ಲಿ ಹೇಗೆ ನಡೆದವು ಎಂಬುದರಲ್ಲಿ ಕನ್ನಡದ ಕಂಪ್ಯೂಟರ್ ಬಳಕೆಯ ಒಂದು ತುಂಡು ಚರಿತ್ರೆ ಇದೆ.

ಪುಣೆಯೇ ಏಕೆ

ಭಾರತೀಯ ಭಾಷೆಗಳ ಕಂಪ್ಯೂಟರ್ ಕೆಲಸಕ್ಕೆ ಪುಣೆ ಆಗಲೇ ಹಳೆಯ ಊರಾಗಿತ್ತು. 1988ರಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ 'ಪರಮ್' ಸೂಪರ್ ಕಂಪ್ಯೂಟರಿನಿಂದ ಹೆಸರಾಯಿತು. ಅದೇ ಸಂಸ್ಥೆಯ ಜಿಸ್ಟ್ ವಿಭಾಗ ಭಾರತೀಯ ಲಿಪಿಗಳ ಕೆಲಸ ಮಾಡುತ್ತಿತ್ತು. ಜಿಸ್ಟ್ ಹುಟ್ಟಿದ್ದು ಐಐಟಿ ಕಾನ್ಪುರದಲ್ಲಿ, ಬೆಳೆದದ್ದು ಪುಣೆಯಲ್ಲಿ. ಭಾರತೀಯ ಲಿಪಿಗಳಿಗೆ ಒಂದೇ ಸಂಕೇತ ವ್ಯವಸ್ಥೆ ಕೊಟ್ಟ ಇಸ್ಕಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದೇ ವರ್ಷ ಬಂದ ಯೂನಿಕೋಡ್ ಕನ್ನಡವೂ ಸೇರಿದಂತೆ ನಮ್ಮ ಲಿಪಿಗಳನ್ನು ಜೋಡಿಸಿದ್ದು ಇಸ್ಕಿಯ 1988ರ ಕರಡನ್ನು ಆಧರಿಸಿ. ಖಾಸಗಿ ವಲಯದಲ್ಲಿ ಮಾಡ್ಯುಲರ್ ಇನ್ಫೋಟೆಕ್‌ನಂಥ ಅಕ್ಷರ ವಿನ್ಯಾಸದ ಕಂಪನಿಗಳೂ ಪುಣೆಯಲ್ಲಿದ್ದವು.

ರೆಡ್ ಹ್ಯಾಟ್ ತನ್ನ ಭಾರತೀಯ ಭಾಷೆಗಳ ತಂಡವನ್ನು ಈ ಊರಿನಲ್ಲಿ ಕಟ್ಟಿತು. ಮೊದಲು ಕಲ್ಯಾಣಿ ನಗರದಲ್ಲಿ, ಆಮೇಲೆ ಮಗರ್‌ಪಟ್ಟಾದಲ್ಲಿ ಅದರ ಕಚೇರಿ. 2004ರಲ್ಲಿ ಕಂಪನಿ 'ಲೋಹಿತ್' ಎಂಬ ಅಕ್ಷರ ಶೈಲಿಗಳನ್ನು ಮುಕ್ತ ಪರವಾನಗಿಯಲ್ಲಿ ಹೊರತಂದಿತು. ಲೋಹಿತ ಎಂದರೆ ಕೆಂಪು, ಕಂಪನಿಯ ಹೆಸರಿನಲ್ಲಿರುವುದೂ ಕೆಂಪು ಟೋಪಿ. ಆ ಅಕ್ಷರಗಳ ಮೂಲ ಮಾಡ್ಯುಲರ್ ಇನ್ಫೋಟೆಕ್. ಮೊದಲ ಕಂತಿನಲ್ಲಿ ಬಂಗಾಳಿ, ಗುಜರಾತಿ, ಹಿಂದಿ, ಪಂಜಾಬಿ ಮತ್ತು ತಮಿಳು ಇದ್ದವು. ಕನ್ನಡ ಇರಲಿಲ್ಲ.

ಆದ್ಯತೆಯ ಮೊದಲ ತೀರ್ಮಾನ ಇದೇ. ಯಾವ ಪುಟ ಮೊದಲು ಎಂದು ಕೇಳುವುದಕ್ಕೂ ಮುಂಚೆ ಯಾವ ಭಾಷೆ ಮೊದಲು ಎಂಬುದು ನಿರ್ಧಾರವಾಗಿರುತ್ತದೆ. 2005ರ ನಾಲ್ಕನೆಯ ಆವೃತ್ತಿಯಲ್ಲಿ ಇದೇ ಐದು ಭಾರತೀಯ ಭಾಷೆಗಳಿದ್ದವು. ಕನ್ನಡ, ತೆಲುಗು, ಮಲಯಾಳಂ, ಮರಾಠಿ, ಒಡಿಯಾ, ಅಸ್ಸಾಮಿ ಬಂದದ್ದು ಎರಡು ವರ್ಷದ ಬಳಿಕ, ಐದನೆಯ ಆವೃತ್ತಿಯಲ್ಲಿ. ಪುಣೆಯ ಬೀದಿಯ ಭಾಷೆಯಾದ ಮರಾಠಿಯೂ ಎರಡನೆಯ ಸಾಲಿನಲ್ಲೇ ನಿಂತಿತ್ತು. ಸರ್ಕಾರದ ಕಡೆಯೂ ಹೀಗೆಯೇ ಸರದಿ ಇತ್ತು. ಭಾಷಾ ತಂತ್ರಾಂಶಗಳನ್ನೂ ಅಕ್ಷರ ಶೈಲಿಗಳನ್ನೂ ಉಚಿತ ಸಿಡಿಗಳಲ್ಲಿ ಹಂಚುವ ಕೇಂದ್ರ ಸರ್ಕಾರದ ಯೋಜನೆಯಲ್ಲಿ 2005ರ ಏಪ್ರಿಲ್‌ನಲ್ಲಿ ತಮಿಳು, ಜೂನ್‌ನಲ್ಲಿ ಹಿಂದಿ ಹೊರಬಂದವು. ಉಳಿದವು ಆಮೇಲೆ.

ಒಂದು ವಾಕ್ಯ, ಒಂದು ಜೋಡಿ

ಮುಕ್ತ ತಂತ್ರಾಂಶದ ಅನುವಾದ ಹೇಗೆ ನಡೆಯುತ್ತದೆ ಎಂದು ತಿಳಿಯದೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ತಂತ್ರಾಂಶದ ತೆರೆಯ ಮೇಲೆ ಕಾಣುವ ಪ್ರತಿಯೊಂದು ಮಾತನ್ನೂ ಹೊರತೆಗೆದು ಒಂದು ಪಟ್ಟಿ ಮಾಡುತ್ತಾರೆ. ಪಟ್ಟಿಯಲ್ಲಿ ಮೇಲೆ ಇಂಗ್ಲಿಷ್ ಸಾಲು, ಕೆಳಗೆ ಖಾಲಿ ಜಾಗ. ಅನುವಾದಕ ಖಾಲಿ ಜಾಗ ತುಂಬುತ್ತಾನೆ. 1990ರ ದಶಕದ ನಡುವೆ ಬಂದ ಗ್ನು ಗೆಟ್‌ಟೆಕ್ಸ್ಟ್ ಎಂಬ ಸಾಧನ ರೂಢಿಗೆ ತಂದ ಪದ್ಧತಿ ಇದು. ತುಂಬದೆ ಬಿಟ್ಟ ಕಡೆ ಬಳಕೆದಾರನಿಗೆ ಇಂಗ್ಲಿಷೇ ಕಾಣುತ್ತದೆ. ಮೂಲದ ಇಂಗ್ಲಿಷ್ ಸಾಲು ಸ್ವಲ್ಪ ಬದಲಾದರೂ ಹಳೆಯ ಅನುವಾದಕ್ಕೆ 'ಅಸ್ಪಷ್ಟ' ಎಂಬ ಗುರುತು ಬೀಳುತ್ತದೆ. ಯಾರಾದರೂ ಮತ್ತೆ ನೋಡಿ ಸರಿ ಎನ್ನುವವರೆಗೆ ಅದು ತೆರೆಗೆ ಬರುವುದಿಲ್ಲ.

ಮೆನುಗಳ ವಿಷಯದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮೆನುವಿನ ಸಾಲು ಎಂದರೆ ಒಂದೆರಡು ಪದ. 'ಫೈಲ್' ಇದ್ದಲ್ಲಿ 'ಕಡತ' ಎಂದು ಬರೆದು, ಕೀಲಿಮಣೆಯ ಶಾರ್ಟ್‌ಕಟ್ ಕೆಡದಂತೆ ಪಕ್ಕದ ಆವರಣದಲ್ಲಿ ಇಂಗ್ಲಿಷಿನ ಎಫ್ ಅಕ್ಷರ ಉಳಿಸಿದರೆ ಮುಗಿಯಿತು. ಆ ಸಾಲು ಹತ್ತು ವರ್ಷ ಹಾಗೇ ಬಾಳುತ್ತದೆ. ಕೈಪಿಡಿಯ ಲೆಕ್ಕ ಬೇರೆ. ಅಲ್ಲಿ ಒಂದು ಇಡೀ ಪ್ಯಾರಾವೇ ಒಂದು ಜೋಡಿ. ನೂರು ಪದದ ಪ್ಯಾರಾದಲ್ಲಿ ಆವೃತ್ತಿ ಸಂಖ್ಯೆ ಐದು ಹೋಗಿ ಆರು ಆದರೂ ಸಾಕು, ಆ ನೂರು ಪದವೂ ಅಸ್ಪಷ್ಟವಾಗುತ್ತದೆ. ಮೆನು ಅನುವಾದಿಸುವುದು ಗೋಡೆ ಕಟ್ಟಿದಂತಾದರೆ ಕೈಪಿಡಿ ಅನುವಾದಿಸುವುದು ಅಂಗಳ ಗುಡಿಸಿದಂತೆ. ನಾಳೆ ಮತ್ತೆ ಗುಡಿಸಬೇಕು.

ಇನ್ನೊಂದು ಕಟ್ಟು ಇದೆ. ಕೈಪಿಡಿಯಲ್ಲಿ 'ಸಂಪಾದನೆ ಮೆನುವಿನಲ್ಲಿ ಆದ್ಯತೆಗಳು ಎಂಬುದನ್ನು ಒತ್ತಿ' ಎಂದು ಬರೆಯಬೇಕಾದರೆ ತೆರೆಯ ಮೇಲೆ ಅವೇ ಪದಗಳು ಇರಬೇಕು. ತೆರೆಯಲ್ಲಿ ಇಂಗ್ಲಿಷಿದ್ದು ಪುಸ್ತಕದಲ್ಲಿ ಕನ್ನಡವಿದ್ದರೆ ಓದುಗ ಹುಡುಕುತ್ತಲೇ ಇರುತ್ತಾನೆ. ಆದ್ದರಿಂದ ಕೆಲಸಕ್ಕೆ ಸಹಜವಾದ ಒಂದು ಕ್ರಮವಿದೆ. ಮೊದಲು ಪದಗಳು ತೀರ್ಮಾನವಾಗಬೇಕು, ಆಮೇಲೆ ಮೆನು, ಕೊನೆಗೆ ಕೈಪಿಡಿ. ಗ್ನೋಮ್ ಡೆಸ್ಕ್‌ಟಾಪ್ ಯೋಜನೆ ಈ ಕ್ರಮವನ್ನು ಅಂಕಿಯಲ್ಲೂ ಒಪ್ಪಿಕೊಂಡಿತ್ತು. ಒಂದು ಭಾಷೆಯಲ್ಲಿ ಮೆನು ಮತ್ತು ಸಂದೇಶಗಳ ಶೇ. 80ರಷ್ಟು ಅನುವಾದವಾದರೆ ಆ ಭಾಷೆಗೆ 'ಬೆಂಬಲವಿದೆ' ಎಂದು ಘೋಷಣೆ. ಕೈಪಿಡಿಗಳ ಲೆಕ್ಕ ಬೇರೆ ಕಾಲಮ್ಮಿನಲ್ಲಿ, ಘೋಷಣೆಗೆ ಅದು ಬೇಕಿರಲಿಲ್ಲ. ಶೇಕಡಾವಾರು ಅಂಕಿ ಎಲ್ಲಿ ಲೆಕ್ಕಕ್ಕೆ ಬರುತ್ತದೋ ಅಲ್ಲಿಗೆ ಜನ ಕೈ ಹಾಕುತ್ತಾರೆ. ಗ್ನೋಮ್‌ನ ಕನ್ನಡ ಮೆನುಗಳು ತುಂಬುತ್ತ ಬಂದವು, ಸಹಾಯ ಪುಟಗಳು ಹಿಂದುಳಿದವು.

ಕ್ಯಾಲೆಂಡರ್ ಮಾಡಿದ ತೀರ್ಮಾನ

ಹಾಗಾದರೆ ಬಿಡುಗಡೆ ಟಿಪ್ಪಣಿ ಮಾತ್ರ ಮುಂದೆ ಬಂದದ್ದು ಹೇಗೆ? ಉತ್ತರ ಇರುವುದು ಕಂಪನಿಯ ವೇಳಾಪಟ್ಟಿಯಲ್ಲಿ. ಒಂದು ಭಾಷೆಗೆ ಬೆಂಬಲವಿದೆ ಎಂದು ಮಾರಾಟದ ಪತ್ರದಲ್ಲಿ ಬರೆದ ಮೇಲೆ ಡಿಸ್ಕಿನ ಜೊತೆಗೆ ಹೋಗುವ ಕಾಗದಗಳು ಆ ಭಾಷೆಯಲ್ಲಿ ಇರಬೇಕು. ಬಿಡುಗಡೆ ಟಿಪ್ಪಣಿ ಚಿಕ್ಕದು. ದಿನಾಂಕಕ್ಕೆ ಮುಗಿಸಬಹುದು, ಮುಗಿಯಿತೋ ಇಲ್ಲವೋ ಎಂದು ಎಣಿಸಬಹುದು. ಅನುಸ್ಥಾಪನಾ ಕೈಪಿಡಿ ದೊಡ್ಡದು, ಆದರೆ ಉತ್ಪನ್ನದ ಬಾಗಿಲು ಅದೇ. ಹೀಗೆ ಈ ಎರಡು ಸಾಲಿನ ಮುಂದಕ್ಕೆ ಬಂದವು.

ಈ ಲೆಕ್ಕದಲ್ಲಿ ಒಂದು ವಿಚಿತ್ರವಿತ್ತು. ರೆಡ್ ಹ್ಯಾಟ್ ಬೆಂಬಲಿಸುತ್ತಿದ್ದ ಸಮುದಾಯದ ಆವೃತ್ತಿ ಫೆಡೋರಾ ಸುಮಾರು ಆರು ತಿಂಗಳಿಗೊಮ್ಮೆ ಹೊರಬರುತ್ತದೆ. ಒಂದೊಂದು ಆವೃತ್ತಿಯ ಆಯುಷ್ಯ ಹದಿಮೂರು ತಿಂಗಳು. ಅದರ ಬಿಡುಗಡೆ ಟಿಪ್ಪಣಿಯನ್ನು ಅನುವಾದಿಸಿದವರ ಶ್ರಮ ಒಂದು ವರ್ಷದಲ್ಲಿ ಹಳತಾಗುತ್ತಿತ್ತು. ಎಂಟರ್‌ಪ್ರೈಸ್ ಲಿನಕ್ಸ್ 5 ಹಾಗಲ್ಲ. 2007ರಲ್ಲಿ ಬಂದದ್ದು 2017ರ ಮಾರ್ಚ್‌ವರೆಗೆ ಬಾಳಿತು. ಬಾಳಿಕೆಯ ದೃಷ್ಟಿಯಿಂದ ನೋಡಿದರೆ ಎರಡನೆಯದರ ಅನುಸ್ಥಾಪನಾ ಕೈಪಿಡಿಗೆ ಹಾಕಿದ ಒಂದು ದಿನ ಫೆಡೋರಾ ಟಿಪ್ಪಣಿಗೆ ಹಾಕಿದ ಹಲವು ದಿನಗಳಿಗೆ ಸಮ. ಓದುಗನ ದೃಷ್ಟಿಯಿಂದ ನೋಡಿದರೆ ಲೆಕ್ಕ ತಲೆಕೆಳಗು. ಫೆಡೋರಾವನ್ನು ಮನೆಯಲ್ಲಿ, ಕಾಲೇಜಿನಲ್ಲಿ ಹಾಕಿಕೊಳ್ಳುವ ಸಾಮಾನ್ಯ ಬಳಕೆದಾರರಿದ್ದರು. ಎಂಟರ್‌ಪ್ರೈಸ್ ಆವೃತ್ತಿ ಹೋಗುತ್ತಿದ್ದದ್ದು ಬ್ಯಾಂಕಿಗೆ, ದೊಡ್ಡ ಕಚೇರಿಗೆ.

ಯಂತ್ರದ ಮಿತಿಯೂ ಇದರಲ್ಲಿ ಕೈಯಾಡಿಸಿತು. ಲಿನಕ್ಸನ್ನು ಎರಡು ರೀತಿಯಲ್ಲಿ ಅನುಸ್ಥಾಪಿಸಬಹುದಿತ್ತು. ಒಂದು ಚಿತ್ರಗಳಿರುವ ತೆರೆಯಲ್ಲಿ, ಇನ್ನೊಂದು ಬರೀ ಅಕ್ಷರಗಳ ತೆರೆಯಲ್ಲಿ. ಅಕ್ಷರಗಳ ತೆರೆಗೆ ಒತ್ತಕ್ಷರ, ಗುಣಿತ ಜೋಡಿಸಿ ತೋರಿಸುವ ಶಕ್ತಿ ಇರಲಿಲ್ಲ. ಕನ್ನಡವನ್ನು ಆರಿಸಿಕೊಂಡರೂ ಆ ದಾರಿಯಲ್ಲಿ ಇಂಗ್ಲಿಷಿನಲ್ಲೇ ಮುಂದುವರಿಯಬೇಕಾಗಿತ್ತು. ಸರ್ವರುಗಳನ್ನು ನೋಡಿಕೊಳ್ಳುವವರು ಹೆಚ್ಚಾಗಿ ಬಳಸುತ್ತಿದ್ದದ್ದು ಅದೇ ದಾರಿ. ಕನ್ನಡ ಕೈಪಿಡಿ ಯಾರಿಗಾಗಿ ಎಂದು ಹೇಳಲಾಗುತ್ತಿತ್ತೋ ಅವರ ತೆರೆಯಲ್ಲಿ ಕನ್ನಡ ಮೂಡುವಂತೆಯೇ ಇರಲಿಲ್ಲ.

ಇಷ್ಟು ಹೇಳಿ ಪುಣೆಯ ಕೆಲಸವನ್ನು ವ್ಯರ್ಥ ಎಂದು ತಳ್ಳಿಹಾಕುವುದು ಅನ್ಯಾಯ. ಸಂಬಳ ಕೊಟ್ಟು ದಿನಪೂರ್ತಿ ಕನ್ನಡದ ಮೇಲೆ ಕೆಲಸ ಮಾಡಿಸಿದ ಜಾಗಗಳು ಆಗ ಎಷ್ಟಿದ್ದವು? ಕೈಪಿಡಿಗಾಗಿ ಮೆನು ಬೇಕು, ಮೆನುವಿಗಾಗಿ ಅಕ್ಷರ ಬೇಕು, ಅಕ್ಷರ ಸರಿಯಾಗಿ ಮೂಡಲು ಅದನ್ನು ಜೋಡಿಸುವ ತಂತ್ರಾಂಶ ಸರಿಯಿರಬೇಕು. ಅರ್ಕಾವತ್ತು ತಪ್ಪು ಕಡೆ ಕೂತಿದೆ, ಒತ್ತಕ್ಷರ ಒಡೆದಿದೆ ಎಂಬ ದೋಷಗಳನ್ನು ಹಿಡಿಯಲು ಕನ್ನಡದ ಪುಟಗಳು ತೆರೆಯ ಮೇಲೆ ಮೂಡಲೇಬೇಕಿತ್ತು. ಆಮೇಲೆ ಲೋಹಿತ್ ಕನ್ನಡವೂ ಬಂತು. 2011ರಲ್ಲಿ ಲೋಹಿತ್ ಅಕ್ಷರಗಳು ಇನ್ನಷ್ಟು ಮುಕ್ತವಾದ ಪರವಾನಗಿಗೆ ಬದಲಾದವು. ಗ್ನೋಮ್‌ನ ಕನ್ನಡ ಮೆನುಗಳು ಯಾವುದೇ ಕಂಪನಿಯ ಆಸ್ತಿಯಲ್ಲ, ಡೆಬಿಯನ್, ಉಬುಂಟು ಬಳಸುವವರಿಗೂ ಅವು ಸಿಕ್ಕವು. ಮಾರಾಟದ ಪತ್ರಕ್ಕಾಗಿ ನಡೆದ ಕೆಲಸದಿಂದ ಊರಿನ ಬಾವಿಗೂ ನೀರು ಬಂತು.

578 ಪದಗಳು

ಆದ್ಯತೆಯನ್ನು ಓದುಗನ ಕಡೆಯಿಂದ ಎಣಿಸುವ ಪ್ರಯತ್ನವೊಂದು ಇದೇ ವಲಯದಿಂದ 2008ರಲ್ಲಿ ಹುಟ್ಟಿತು. ಹೆಸರು 'ಫ್ಯೂಯೆಲ್'. ಪದೇ ಪದೇ ಬಳಕೆಯಾಗುವ ನಮೂದುಗಳು ಎನ್ನುವುದರ ಇಂಗ್ಲಿಷ್ ಹ್ರಸ್ವರೂಪ ಅದು. ಬಳಕೆದಾರ ದಿನವೂ ನೋಡುವ ಪದಗಳು ಯಾವುವು ಎಂದು ನೋಡಿ, ಡೆಸ್ಕ್‌ಟಾಪಿಗೆ 578 ನಮೂದುಗಳ ಪಟ್ಟಿ ಮಾಡಲಾಯಿತು. ಹಿಂದಿಯಿಂದ ಶುರುವಾಗಿ ಬೇರೆ ಭಾಷೆಗಳಿಗೆ ಹಬ್ಬಿತು, ಕನ್ನಡಕ್ಕೂ ಪಟ್ಟಿ ಬಂತು. ಮುಂದೆ ಪುಣೆಯ ಸಿ-ಡ್ಯಾಕ್ ಜಿಸ್ಟ್ ಕೂಡ ಈ ಕೆಲಸದಲ್ಲಿ ಕೈಜೋಡಿಸಿತು.

ಪಟ್ಟಿಗಿಂತ ಮುಖ್ಯವಾದದ್ದು ಅದರ ವಿಧಾನ. ಒಬ್ಬ ಅನುವಾದಕ ಒಬ್ಬನೇ ಕೂತು ಪದ ಹುಟ್ಟಿಸುವ ಬದಲು, ಭಾಷೆ ಬಲ್ಲವರು, ತಂತ್ರಜ್ಞರು, ಬಳಸುವವರು ಒಂದು ಕೋಣೆಯಲ್ಲಿ ಕೂತು ಒಂದೊಂದು ನಮೂದನ್ನೂ ಚರ್ಚಿಸಿ ಒಪ್ಪಿಕೊಳ್ಳಬೇಕು. 'ಸೇವ್' ಎಂಬುದಕ್ಕೆ 'ಉಳಿಸು' ಎನ್ನಬೇಕೋ 'ಸಂಗ್ರಹಿಸು' ಎನ್ನಬೇಕೋ? 'ಇನ್‌ಸ್ಟಾಲ್' ಮಾಡುವುದು 'ಅನುಸ್ಥಾಪಿಸು'ವುದೋ, ಬರೀ 'ಸ್ಥಾಪಿಸು'ವುದೋ, ಇಲ್ಲ ಜನ ಆಡುವ ಹಾಗೆ 'ಇನ್‌ಸ್ಟಾಲ್ ಮಾಡು' ಎಂದೇ ಬಿಡಬೇಕೋ? ಇಂಗ್ಲಿಷಿನ 'ಪ್ರಿಫರೆನ್ಸಸ್' ಎಂಬ ಮೆನುವಿಗೆ ಗ್ನೋಮ್‌ನ ಕನ್ನಡದಲ್ಲಿ ನಿಂತ ಪದ 'ಆದ್ಯತೆಗಳು'. ಮೂಲದಲ್ಲಿ ಅದು ಬಳಕೆದಾರನ ಇಷ್ಟಗಳು. ಕನ್ನಡ ಪತ್ರಿಕೆ ಓದುವವನಿಗೆ ಆದ್ಯತೆ ಎಂದರೆ ಮೊದಲ ಪ್ರಾಶಸ್ತ್ಯ, ಯಾವುದು ಮುಂದೆ ಯಾವುದು ಹಿಂದೆ ಎಂಬ ಸರದಿ. ಅಕ್ಷರದ ಗಾತ್ರ ಬದಲಾಯಿಸಲು ಹೊರಟವನಿಗೆ ಆ ಪದ ಒಂದು ಕ್ಷಣ ತಡೆಯುತ್ತದೆ. ಅಂಥ ತಡೆಗಳು 578 ಪದಗಳಲ್ಲಿ ಕಡಿಮೆಯಾದರೆ ಉಳಿದ ಕೈಪಿಡಿ ತಾನಾಗಿ ಹಗುರವಾಗುತ್ತದೆ ಎಂಬುದು ಫ್ಯೂಯೆಲ್‌ನ ನಂಬಿಕೆ. ಲಕ್ಷ ಪದಗಳನ್ನು ಅರ್ಧಂಬರ್ಧ ಮಾಡುವ ಬದಲು ಆರುನೂರಕ್ಕಿಂತ ಕಡಿಮೆ ಪದಗಳನ್ನು ಒಪ್ಪುವಂತೆ ಮಾಡುವುದು ಮೊದಲ ಕೆಲಸ ಎಂದು ಅದು ಹೇಳಿತು.

ಅದೇ ವರ್ಷಗಳಲ್ಲಿ ಪುಣೆ ಇಂಥ ಜನ ಸೇರುವ ಊರಾಗಿತ್ತು. ಸಿಂಬಯೋಸಿಸ್‌ನ ಕಂಪ್ಯೂಟರ್ ಅಧ್ಯಯನ ಸಂಸ್ಥೆಯಲ್ಲಿ ನಡೆಯುತ್ತಿದ್ದ ಗ್ನುನಿಫೈ, 2011ರ ನವೆಂಬರ್‌ನಲ್ಲಿ ಪುಣೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಡೆದ ಫೆಡೋರಾ ಸಮಾವೇಶ ಇವೆಲ್ಲ ಸ್ವಯಂಸೇವಕರೂ ಸಂಬಳದ ಅನುವಾದಕರೂ ಒಂದೇ ಸೂರಿನಡಿ ಸೇರುತ್ತಿದ್ದ ಸಂದರ್ಭಗಳು.

ಹಳೆಯ ಪುಣೆಯ ಹಳೆಯ ಪ್ರಶ್ನೆ

ಯಾವ ಪುಸ್ತಕ ಮೊದಲು, ಯಾರ ಹಣದಲ್ಲಿ, ಯಾರಿಗಾಗಿ ಎಂಬ ಜಗಳ ಪುಣೆಗೆ ಹೊಸತಲ್ಲ. ಪೇಶ್ವೆಗಳು ವಿದ್ವಾಂಸ ಬ್ರಾಹ್ಮಣರಿಗೆ ಶ್ರಾವಣದಲ್ಲಿ ದಕ್ಷಿಣೆ ಹಂಚುತ್ತಿದ್ದರು. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೂ ಬ್ರಿಟಿಷರು ಆ ನಿಧಿಯನ್ನು ಪೂರ್ತಿ ನಿಲ್ಲಿಸಲಿಲ್ಲ. ಒಂದು ಭಾಗ 1821ರಲ್ಲಿ ಶುರುವಾದ ಸಂಸ್ಕೃತ ಪಾಠಶಾಲೆಗೆ ಹೋಯಿತು. 1849ರ ಸುಮಾರಿಗೆ ಲೋಕಹಿತವಾದಿ ಎಂದು ಹೆಸರಾದ ಗೋಪಾಳ ಹರಿ ದೇಶಮುಖರೂ ಅವರ ಜೊತೆಯ ಸುಧಾರಕರೂ, ಈ ಹಣವನ್ನು ಮರಾಠಿಯಲ್ಲಿ ಉಪಯುಕ್ತ ಪುಸ್ತಕ ಬರೆಯುವವರಿಗೆ, ಅನುವಾದಿಸುವವರಿಗೆ ಬಹುಮಾನವಾಗಿ ಕೊಡಿ ಎಂದು ಕೇಳಿದರು. ಸಂಪ್ರದಾಯಸ್ಥರು ಸಿಟ್ಟಾದರು. ಕೊನೆಗೆ 1851ರಲ್ಲಿ ದಕ್ಷಿಣಾ ಬಹುಮಾನ ನಿಧಿ ಬಂತು.

ಅದೇ ಮುಂಬಯಿ ಪ್ರಾಂತದ ಕನ್ನಡ ಭಾಗಕ್ಕೆ ಅಂಥ ನಿಧಿ ಇರಲಿಲ್ಲ. ಧಾರವಾಡದಲ್ಲಿ 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದಾಗ ಕನ್ನಡ ಗ್ರಂಥಗಳನ್ನು ಪ್ರೋತ್ಸಾಹಿಸಿ ಪ್ರಕಟಿಸುವುದು ಅದರ ಮುಖ್ಯ ಕೆಲಸವಾಯಿತು. ಕನ್ನಡಿಗರು ತಮ್ಮ ನಿಧಿಯನ್ನು ತಾವೇ ಕಟ್ಟಿಕೊಳ್ಳಬೇಕಾಯಿತು, ಅದೂ ನಾಲ್ಕು ದಶಕ ತಡವಾಗಿ. 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಪತ್ರಿಕೆ ತಂದಾಗ ಅವರು ಯಾವ ಇಂಗ್ಲಿಷ್ ಗ್ರಂಥವನ್ನೂ ಇಡಿಯಾಗಿ ಕನ್ನಡಿಸಲು ಹೊರಡಲಿಲ್ಲ. ಕನ್ನಡದ ಓದುಗನಿಗೆ ತಿಳಿಯುವ ಹಾಗೆ ವಿಷಯವನ್ನು ಹೊಸದಾಗಿ ಬರೆಯಿಸಿದರು.

ಬೇರೆ ದಾರಿಗಳು

ಈ ಎರಡನೆಯ ದಾರಿಯನ್ನು ಮುಕ್ತ ತಂತ್ರಾಂಶದಲ್ಲೂ ಕೆಲವರು ಹಿಡಿದರು. ಕೇರಳದಲ್ಲಿ 2002ರಿಂದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಸ್ವಯಂಸೇವಕರ ಬಳಗವಿದೆ. ಅಲ್ಲಿನ 'ಐಟಿ ಅಟ್ ಸ್ಕೂಲ್' ಯೋಜನೆ ಸರ್ಕಾರಿ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು. ಶಾಲೆ ಎಂಬ ಖಚಿತ ಓದುಗ ಸಿಕ್ಕಿದ್ದರಿಂದ ಏನು ಮೊದಲು ಎಂಬ ಪ್ರಶ್ನೆಗೆ ಪಠ್ಯಪುಸ್ತಕವೇ ಉತ್ತರ ಕೊಟ್ಟಿತು. ಕರ್ನಾಟಕದಲ್ಲಿ ಆ ಕಾಲದ ಶಕ್ತಿಯೆಲ್ಲ ಹೆಚ್ಚಾಗಿ ಕನ್ನಡ ಟೈಪು ಮಾಡುವ ಸಮಸ್ಯೆಗೆ ಹೋಯಿತು. 1998ರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಎರಡೂ ವಿಂಡೋಸ್‌ನಲ್ಲಿ ನಡೆಯುತ್ತಿದ್ದವು. ಲಿನಕ್ಸಿನ ಕನ್ನಡ ಕೈಪಿಡಿ ಬೇಕು ಎಂದು ಕೇಳುವ ದೊಡ್ಡ ಗುಂಪೊಂದು ಹುಟ್ಟಲಿಲ್ಲ.

ಕೇಳುವವರು ಸ್ವಲ್ಪ ತಡವಾಗಿ ಬಂದರು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯದ ಶಿಕ್ಷಕರ ತರಬೇತಿ ಇಲಾಖೆಯ ಜೊತೆ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಉಬುಂಟು, ಜಿಯೋಜೀಬ್ರಾ ಮುಂತಾದವನ್ನು ಕಲಿಯುವ ಪುಟಗಳು ಕನ್ನಡದಲ್ಲಿ ಬಂದವು. ಅವು ಮೂಲ ಕೈಪಿಡಿಯ ಅನುವಾದಗಳಲ್ಲ. ಪ್ರೌಢಶಾಲೆಯ ಮೇಷ್ಟ್ರಿಗೆ ತರಗತಿಯಲ್ಲಿ ಏನು ಬೇಕೋ ಅಷ್ಟು ಮಾತ್ರ. ಐಐಟಿ ಮುಂಬಯಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಇನ್ನೂ ಬೇರೆ ತೀರ್ಮಾನ ಮಾಡಿತು. ಅದರ ಚಿಕ್ಕ ವಿಡಿಯೋಗಳಲ್ಲಿ ತೆರೆಯ ಮೇಲಿನ ಮೆನು ಇಂಗ್ಲಿಷಿನಲ್ಲೇ ಇರುತ್ತದೆ, ವಿವರಿಸುವ ದನಿ ಮಾತ್ರ ಕನ್ನಡದಲ್ಲಿ. ಕೆಲಸಕ್ಕೆ ಹೋದಾಗ ಹುಡುಗ ನೋಡುವುದು ಇಂಗ್ಲಿಷ್ ಮೆನುವನ್ನೇ, ಆದರೆ ಅರ್ಥವಾಗಬೇಕಾದದ್ದು ಅವನ ಭಾಷೆಯಲ್ಲಿ ಎಂಬುದು ಅದರ ಹಿಂದಿನ ತರ್ಕ. ಮೊದಲು ಪದ, ಆಮೇಲೆ ಮೆನು, ಕೊನೆಗೆ ಕೈಪಿಡಿ ಎಂಬ ಪುಣೆಯ ಕ್ರಮವನ್ನು ಇದು ತಲೆಕೆಳಗು ಮಾಡಿತು.

ಉಳಿದದ್ದು

ಅನುವಾದಕರು ಕೂತು ಕೆಲಸ ಮಾಡುವ ಜಾಗಗಳೂ ಬದಲಾಗುತ್ತ ಹೋದವು. ಫೆಡೋರಾದ ಅನುವಾದ ಟ್ರಾನ್ಸಿಫೆಕ್ಸ್‌ನಲ್ಲಿ ನಡೆಯುತ್ತಿತ್ತು. ಅದರ ಮುಂದಿನ ಬೆಳವಣಿಗೆ ಮುಕ್ತವಾಗಿ ಉಳಿಯದೆ ಹೋದಾಗ ಝನಾಟಾಗೆ ಬಂತು, ಝನಾಟಾ ನಿಂತಾಗ ವೆಬ್ಲೇಟ್‌ಗೆ ಹೋಯಿತು. ಒಂದೊಂದು ಸಲ ಮನೆ ಬದಲಾಯಿಸಿದಾಗಲೂ ಕೆಲವರು ದಾರಿಯಲ್ಲೇ ಉಳಿದುಬಿಡುತ್ತಾರೆ. ಸಣ್ಣ ತಂಡಕ್ಕೆ ಅದು ದೊಡ್ಡ ನಷ್ಟ. ಇಂದು ರೆಡ್ ಹ್ಯಾಟ್‌ನ ಕೈಪಿಡಿಗಳ ತಾಣದಲ್ಲಿ ಭಾಷೆಗಳ ಪಟ್ಟಿ ತೆರೆದರೆ ಜಪಾನಿ, ಕೊರಿಯನ್, ಚೀನಿ, ಫ್ರೆಂಚ್ ಸಿಗುತ್ತವೆ. ಕನ್ನಡ ಇಲ್ಲ. ಮಾರುಕಟ್ಟೆಯ ಕಾರಣಕ್ಕೆ ಸಾಲಿಗೆ ಬಂದದ್ದು ಮಾರುಕಟ್ಟೆಯ ಕಾರಣಕ್ಕೇ ಸಾಲಿನಿಂದ ಹೊರಗೆ ಹೋಯಿತು.

ಆದರೂ ಆ ಜೋಡಿ ಸಾಲುಗಳು ಅಳಿದಿಲ್ಲ. ಗ್ನೋಮ್, ಕೆಡಿಇ, ಉಬುಂಟು ಯೋಜನೆಗಳ ಇಂಗ್ಲಿಷ್–ಕನ್ನಡ ಜೋಡಿಗಳನ್ನು ಓಪಸ್ ಎಂಬ ಸಮಾನಾಂತರ ಪಠ್ಯಗಳ ಸಂಗ್ರಹ ಎತ್ತಿಟ್ಟುಕೊಂಡಿದೆ. ಯಂತ್ರಾನುವಾದದ ಸಂಶೋಧಕರು ಅಲ್ಲಿಂದ ಅವನ್ನು ತೆಗೆದುಕೊಳ್ಳಬಹುದು. ಕನ್ನಡದಲ್ಲಿ ಇಂಥ ಜೋಡಿ ಪಠ್ಯ ಕಡಿಮೆ ಇರುವುದರಿಂದ ಇದ್ದಷ್ಟಕ್ಕೂ ಬೆಲೆ ಹೆಚ್ಚು. ದಿನಾಂಕದ ಒತ್ತಡದಲ್ಲಿ ಯಾರೋ ಬರೆದ ಒಂದು 'ಅನುಸ್ಥಾಪಿಸು', ಯಾರೋ ಒಪ್ಪಿದ ಒಂದು 'ಆದ್ಯತೆಗಳು' ಯಂತ್ರದ ಕಲಿಕೆಯೊಳಗೆ ಸೇರುತ್ತವೆ. ಓದುಗ ತೆರೆಯದ ಪುಟವನ್ನು ಯಂತ್ರ ಓದುತ್ತಿದೆ.

ಹಾಗಾಗಿ 2007ರ ಆ ಡಿಸ್ಕಿನ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಯಂತ್ರವೇ ಒಂದು ರಾತ್ರಿಯಲ್ಲಿ ಇಡೀ ಕೈಪಿಡಿಯನ್ನು ಕನ್ನಡಕ್ಕೆ ತಿರುಗಿಸಬಲ್ಲ ಕಾಲದಲ್ಲಿ ಯಾವುದನ್ನು ಮೊದಲು ಅನುವಾದಿಸಬೇಕು ಎನ್ನುವುದು ಸಣ್ಣ ಪ್ರಶ್ನೆಯಾಗಬಹುದು. ಯಾವುದನ್ನು ಮೊದಲು ಮನುಷ್ಯರು ಓದಿ ತಿದ್ದಬೇಕು ಎಂಬುದು ದೊಡ್ಡದಾಗುತ್ತದೆ. ಅಲ್ಲಿಯೂ ಕೈಗಳು ಕಡಿಮೆ, ಪುಟಗಳು ಹೆಚ್ಚು. ಪುಣೆಯ ಅನುಭವ ಒಂದು ಅಳತೆಗೋಲನ್ನು ಬಿಟ್ಟುಹೋಗಿದೆ. ಪುಟ ಎಷ್ಟು ಬೇಗ ಮುಗಿಯುತ್ತದೆ, ಎಷ್ಟು ಶೇಕಡಾ ತುಂಬುತ್ತದೆ ಎಂದು ಕೇಳುವ ಮೊದಲು, ಅದನ್ನು ತೆರೆಯುವವರು ಯಾರು, ಎಷ್ಟು ವರ್ಷ ತೆರೆಯುತ್ತಾರೆ, ಅದಿಲ್ಲದಿದ್ದರೆ ಅವರ ಕೆಲಸ ಎಲ್ಲಿ ನಿಲ್ಲುತ್ತದೆ ಎಂದು ಕೇಳಬೇಕು. ಡಿಸ್ಕಿನಲ್ಲಿ ಕನ್ನಡದ ಕಡತ ಇತ್ತು ಎಂಬುದು ನಿಜ. ಅದನ್ನು ಹುಡುಕಿಕೊಂಡು ಬರುವವನಿಗೆ ಬೇಕಾದ ಕಡತ ಅದಾಗಿರಲಿಲ್ಲ ಎಂಬುದೂ ನಿಜ.